ಸಪ್ಪೆ ನಾಲಗೆಯವಳು

ನಮ್ಮ ದ್ವೀಪದ ಗಿಡಗಳಲ್ಲಿ ಎರಡೇ ಪಂಗಡ. ನೆಲದವು, ಅಲೆಯವು. ನೆಲದವು ಮೊದಲಿಂದ ಇದ್ದವು. ಅಲೆಯವು ಸಮುದ್ರ ದಾಟಿ ಬಂದವು. ದೋಣಿಯ ಹಗ್ಗಕ್ಕೆ ಅಂಟಿಕೊಂಡು ಬಂದವು, ಹಕ್ಕಿಯ ಹೊಟ್ಟೆಯಲ್ಲಿ ಕೂತು ಬಂದವು, ಸೀರೆಯ ಅಂಚು ಹಿಡಿದು ಬಂದವು. ನೆಲದವು ಇರಬಹುದು. ಅಲೆಯವು ಹೂ ಬಿಡುವ ಮೊದಲು ಬೇರುಸಹಿತ ಹೋಗಬೇಕು. ಇದು ಆಗಿನ ನಿಯಮ. ಯಾರು ಮಾಡಿದರು ಎಂದು ನನ್ನನ್ನು ಕೇಳಬೇಡಿ, ನಾವ್ಯಾರೂ ಕೇಳಿದವರಲ್ಲ.

ಯಾವುದು ನೆಲದ್ದು, ಯಾವುದು ಅಲೆಯದ್ದು ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಎರಡೂ ಹಸಿರು, ಎರಡಕ್ಕೂ ಮಳೆ ಬೇಕು, ಎರಡನ್ನೂ ಆಡು ತಿನ್ನುತ್ತದೆ. ಆದರೆ ಸಮುದ್ರ ದಾಟಿದ ಗಿಡ ಎಷ್ಟು ಮಳೆಯಲ್ಲಿ ನೆಂದರೂ ಎಲೆಯ ಒಳಗೆಲ್ಲೋ ಒಂದು ಹನಿ ಉಪ್ಪನ್ನು ಬಚ್ಚಿಟ್ಟುಕೊಂಡಿರುತ್ತದೆ ಎಂದು ನಾವು ನಂಬಿದ್ದೆವು. ಆ ಹನಿಯನ್ನು ಹಿಡಿಯಬೇಕಾದರೆ ಉಪ್ಪನ್ನೇ ಕಾಣದ ನಾಲಗೆ ಬೇಕು. ಅಂಥ ನಾಲಗೆಯನ್ನು ನಾವೇ ಬೆಳೆಸುತ್ತಿದ್ದೆವು.

ಹುಟ್ಟುವಾಗ ಅಳದ ಹೆಣ್ಣುಮಗು ಬೇಕಾಗಿತ್ತು. ಅಂಥ ಮಗು ಹುಟ್ಟಿದರೆ ಹಳೆಯ ನಾಲಗೆಯವಳು ಬಂದು ಅದನ್ನು ಎತ್ತಿಕೊಂಡು ಹೋಗುವಳು. ಅಂದಿನಿಂದ ಆ ಮಗುವಿನ ಗಂಜಿಗೆ ಉಪ್ಪಿಲ್ಲ, ಸಾರಿಗೆ ಉಪ್ಪಿಲ್ಲ, ಮಾವಿನಕಾಯಿ ಹೋಳಿಗೂ ಉಪ್ಪಿಲ್ಲ. ಸಮುದ್ರದಲ್ಲಿ ಮೀಯುವಂತಿಲ್ಲ. ಪಡುವಣ ಗಾಳಿ ಬೀಸಿದರೆ ಬಾಯಿಗೆ ಬಟ್ಟೆ ಕಟ್ಟಬೇಕು. ಎಲ್ಲಕ್ಕಿಂತ ದೊಡ್ಡ ನಿಯಮ, ಅವಳು ಅಳುವಂತಿಲ್ಲ. ಒಂದು ಹನಿ ಕಣ್ಣೀರು ತುಟಿಗೆ ಇಳಿದರೆ ಸಾಕು, ನಾಲಗೆ ಕೆಟ್ಟಿತು. ಬೆವರು ಕೂಡ ಉಪ್ಪೇ ಅಲ್ಲವೇ ಎಂದು ನಮಗೆ ಹೊಳೆಯಲಿಲ್ಲ. ನಾವು ಅಷ್ಟೇನೂ ಬುದ್ಧಿವಂತರಲ್ಲ, ನಿಯಮದ ಜನ.

ನಾನು ಉಪ್ಪಿನವನು. ತೆಂಕಣ ತೀರದಲ್ಲಿ ಕಟ್ಟೆ ಕಟ್ಟಿ ಸಮುದ್ರದ ನೀರು ನಿಲ್ಲಿಸಿ, ಬಿಸಿಲಿಗೆ ಒಣಗಿಸಿ, ಉಪ್ಪು ಕೆರೆದು, ಬುಟ್ಟಿ ಹೊತ್ತು ಮನೆಮನೆಗೆ ಹಂಚುವುದು ನನ್ನ ಕೆಲಸ. ದ್ವೀಪದ ಎಲ್ಲ ಮನೆಗೂ ಉಪ್ಪು ಕೊಟ್ಟಿದ್ದೇನೆ, ಒಂದನ್ನು ಬಿಟ್ಟು. ಗುಡ್ಡದ ಬುಡದಲ್ಲಿದ್ದ, ನನ್ನ ಕಾಲದ ನಾಲಗೆಯವಳ ಮನೆಯ ಬೇಲಿ ಬಂದಾಗ ಬುಟ್ಟಿಯ ಮೇಲೆ ಬಟ್ಟೆ ಹೊದಿಸಿ, ಉಸಿರು ಬಿಗಿಹಿಡಿದು, ಕಳ್ಳನಂತೆ ದಾಟುತ್ತಿದ್ದೆ.

ಸಂಜೆ ಹೊತ್ತಿಗೆ ಎಲ್ಲ ಮನೆಗಳಲ್ಲೂ ಒಲೆ ಉರಿಯುತ್ತಿತ್ತು. ಹೆಂಗಸರು ಸೌಟಿನ ತುದಿಯಲ್ಲಿ ಸಾರು ತೆಗೆದು ಗಂಡನ ಅಂಗೈಗೋ ಮಗಳ ಅಂಗೈಗೋ ಬಿಟ್ಟು, "ಉಪ್ಪು ಸಾಕಾ ನೋಡು" ಅನ್ನುತ್ತಿದ್ದರು. ಒಂದು ಮನೆಯಲ್ಲಿ ಅಂದರೆ ಪಕ್ಕದ ಮನೆಗೆ ಕೇಳುತ್ತಿತ್ತು. ಉಪ್ಪು ಸಾಕಾ ನೋಡು. ಉಪ್ಪು ಸಾಕಾ ನೋಡು. ಬುಟ್ಟಿ ಖಾಲಿ ಮಾಡಿಕೊಂಡು ಮರಳುವಾಗ ನನಗೆ ಆ ಮಾತು ಕೇಳಿ ಸುಖವಾಗುತ್ತಿತ್ತು. ಅವಳ ಮನೆಯ ಒಲೆಯೂ ಉರಿಯುತ್ತಿತ್ತು. ಅಲ್ಲಿ ಯಾವ ಮಾತೂ ಇರುತ್ತಿರಲಿಲ್ಲ.

ಎಲ್ಲಿಯಾದರೂ ಹೊಸ ಗಿಡ ಕಂಡರೆ ಊರ ನಡುವೆ ತೂಗುಹಾಕಿದ ಹಲಗೆಗೆ ಮೂರು ಏಟು ಹೊಡೆಯಬೇಕು. ಜನ ಸೇರಬೇಕು. ಅವಳು ಬರಬೇಕು. ಗಿಡದ ತುದಿಯ ಎಲೆಯನ್ನು ತೊಳೆಯದೆ ಕೊಡಬೇಕು. ಅವಳು ಕಣ್ಣು ಮುಚ್ಚಿ ಏಳು ಸಲ ಅಗಿಯುವಳು. ಸುರಹೊನ್ನೆಯ ಎಲೆಯ ಮೇಲೆ ಉಗುಳುವಳು. ಆಮೇಲೆ ಒಂದೇ ಮಾತು. "ಸಪ್ಪೆ" ಎಂದರೆ ಗಿಡ ನಮ್ಮದು, ಜನ ಕೈ ಮುಗಿಯುವರು. "ಉಪ್ಪು" ಎಂದರೆ ಜನ ಬಾಗಿ ಕೀಳುವರು. ಗಿಡ ತಂದವರು ಯಾರೆಂದು ಗೊತ್ತಾದರೆ ಅದರ ಒಂದು ಸಸಿಯನ್ನು ಗೆರಟೆಯಲ್ಲಿಟ್ಟು ಅವರ ಕೈಗೇ ಕೊಟ್ಟು, ದೋಣಿ ಹತ್ತಿಸುವರು. ದೋಣಿ ಕಣ್ಮರೆಯಾಗುವ ತನಕ ಊರು ದಡದಲ್ಲಿ ನಿಂತಿರಬೇಕು. ಸಪ್ಪೆ ಎಂದು ಕರೆಸಿಕೊಳ್ಳುವುದನ್ನೇ ದೊಡ್ಡಸ್ತಿಕೆ ಎಂದುಕೊಂಡ ಜನ ಬೇರೆಲ್ಲೂ ಇರಲಾರರು.

ಹಳೆಯ ಗಿಡಗಳಿಗೆ ಈ ಪರೀಕ್ಷೆ ಇರಲಿಲ್ಲ. ಉಪ್ಪುನೀರಿನಲ್ಲೇ ಕಾಲಿಟ್ಟು ನಿಂತ ಕಾಂಡ್ಲಾ, ಮರಳ ಮೇಲೆ ಹಬ್ಬಿದ ಅಡುಂಬು ಬಳ್ಳಿ, ಕೇದಗೆಯ ಪೊದೆ, ತೇಲುತ್ತ ಬಂದು ದಡಕ್ಕೆ ಬಿದ್ದು ಮೊಳೆತ ತೆಂಗು, ಇವುಗಳ ಎಲೆಯನ್ನು ಯಾರೂ ಅವಳ ಕೈಗೆ ಕೊಡಲಿಲ್ಲ. ಅಜ್ಜಂದಿರು ಅವುಗಳ ನೆರಳಲ್ಲಿ ಮಲಗಿದ್ದರು, ಅಷ್ಟು ಸಾಕಾಗಿತ್ತು.

ಅವಳ ಒಂದು ಗುಟ್ಟು ನನಗೆ ಗೊತ್ತಿತ್ತು. ಅವಳ ಹೊಸ್ತಿಲ ಪಕ್ಕ, ಕಲ್ಲಿನ ಸಂದಿಯಲ್ಲಿ, ಒಂದು ಮುಟ್ಟಿದರೆ ಮುನಿ ಗಿಡವಿತ್ತು. ಅದು ಅಲೆಯದ್ದೆಂದು ದ್ವೀಪದ ಕೂಸಿಗೂ ಗೊತ್ತು. ವರ್ಷವರ್ಷ ಕೀಳುತ್ತಿದ್ದೆವು, ವರ್ಷವರ್ಷ ಬರುತ್ತಿತ್ತು. ಅವಳು ಮಾತ್ರ ತನ್ನ ಹೊಸ್ತಿಲದ್ದನ್ನು ಕೀಳಲಿಲ್ಲ. ಬೆಳಗ್ಗೆ ಎದ್ದು ಬಾಗಿಲು ತೆರೆದು, ಕುಕ್ಕರಗಾಲಲ್ಲಿ ಕೂತು, ಬೆರಳಿಂದ ಅದನ್ನು ಮುಟ್ಟುವಳು. ಅದು ಮುದುಡಿಕೊಳ್ಳುವುದು. ಅವಳು ಅಲ್ಲೇ ಕೂತು ಕಾಯುವಳು. ಅದು ಮತ್ತೆ ಎಲೆ ಬಿಚ್ಚುವ ತನಕ ಕಾಯುವಳು. ಆಮೇಲೆ ಎದ್ದು ಒಳಗೆ ಹೋಗುವಳು. ದಿನಕ್ಕೊಮ್ಮೆ ಅವಳು ಮುಟ್ಟಿದರೆ ಅಲುಗುತ್ತಿದ್ದ ಜೀವ ಅದೊಂದೇ. ನಾನು ಬೇಲಿಯಾಚೆ ಬುಟ್ಟಿ ಹೊತ್ತು ನಿಂತು ನೋಡಿದ್ದೇನೆ, ಯಾರಿಗೂ ಹೇಳಿಲ್ಲ.

ಈಗ ಮೂವತ್ತರ ಹೂವಿನ ವಿಷಯ. ನಮ್ಮ ಗುಡ್ಡದ ಮಣ್ಣಿನಲ್ಲಿ ಒಂದು ಬೀಜ ಮೂವತ್ತು ವರ್ಷ ನಿದ್ದೆ ಮಾಡುತ್ತಿತ್ತು. ಮೂವತ್ತನೆಯ ಮಳೆಗೆ ಒಂದೇ ಸಲ ಎದ್ದು, ನಾಲ್ಕು ತಿಂಗಳು ಬದುಕಿ, ಗುಡ್ಡವನ್ನೆಲ್ಲ ನೀಲಿ ಮಾಡಿ, ಬೀಜ ಉದುರಿಸಿ ಸಾಯುತ್ತಿತ್ತು. ಆ ವರ್ಷ ಎಲ್ಲಿಂದಲೋ ಜೇನುಹುಳ ಬರುತ್ತಿದ್ದವು. ಆ ವರ್ಷದ ಜೇನನ್ನು ಬಾಣಂತಿಯರಿಗೂ ಸಾಯುವವರಿಗೂ ಮಾತ್ರ ನೆಕ್ಕಿಸುತ್ತಿದ್ದರು. ಮುದುಕರು ಅದನ್ನು ನೀಲಿ ವರ್ಷ ಅನ್ನುತ್ತಿದ್ದರು. ವರ್ಷಕ್ಕೊಂದು ಗಂಟಿನಂತೆ ಲೆಕ್ಕ ಹಿಡಿಯುವುದಕ್ಕೆ ಒಂದು ಹಗ್ಗವಿತ್ತು, ಅದು ಊರಹಿರಿಯನ ಮನೆಯ ತೊಲೆಗೆ ತೂಗುತ್ತಿತ್ತು. ಅದರ ತುದಿಯ ಎರಡು ಗಂಟುಗಳನ್ನು ಇಲಿ ತಿಂದಿದ್ದು ಯಾರಿಗೂ ಗೊತ್ತಾಗಲಿಲ್ಲ.

ಹಾಗಾಗಿ ಆ ಬೀಜಗಳು ಎದ್ದಾಗ ನಮ್ಮ ಹಗ್ಗದ ಪ್ರಕಾರ ಇನ್ನೂ ಎರಡು ವರ್ಷ ಬಾಕಿಯಿತ್ತು. ಒಂದು ಬೆಳಗ್ಗೆ ನೋಡುತ್ತೇವೆ, ಗುಡ್ಡದ ತುಂಬ ಮೊಳಕೆ. ಮೂರು ಬೆರಳಿನಂಥ ಎಲೆ, ನಡುವೆ ಕೆಂಪು ನರ. ಹೂವನ್ನು ನೋಡಿದವರು ನಮ್ಮಲ್ಲಿ ಕೆಲವರಿದ್ದರು. ಆದರೆ ಹೂ ನೋಡಿದವರಿಗೆ ಹೂವೇ ನೆನಪಿರುವುದು, ಮೊಳಕೆಯ ಮುಖ ಯಾರಿಗೆ ನೆನಪಿರುತ್ತದೆ? ನಮಗೆ ಹೆದರಿಕೆಯಾಯಿತು. ಒಂದೇ ದಿನದಲ್ಲಿ ಗುಡ್ಡ ಆಕ್ರಮಿಸಿದ್ದು ಅಲೆಯದ್ದೇ ಇರಬೇಕು ಅಂದುಕೊಂಡೆವು. ಹಲಗೆಗೆ ಮೂರು ಏಟು ಬಿತ್ತು.

ಅವಳು ಬಂದಳು. ಆಗ ಅವಳಿಗೆ ಇಪ್ಪತ್ತನಾಲ್ಕೋ ಇಪ್ಪತ್ತೈದೋ. ಮುಖ ತೊಳೆದುಕೊಂಡು ಬಂದಿದ್ದಳು, ಕೂದಲ ಅಂಚು ಒದ್ದೆಯಾಗಿತ್ತು. ಎಲೆ ತೆಗೆದುಕೊಂಡಳು. ಏಳು ಸಲ ಅಗಿದಳು. ಉಗುಳಿದಳು. "ಉಪ್ಪು" ಅಂದಳು.

ಮೂರು ದಿನ ಕಿತ್ತೆವು. ಗಂಡಸರು, ಹೆಂಗಸರು, ಮಕ್ಕಳು, ಎಲ್ಲರೂ ಕಿತ್ತೆವು. ನಾನೂ ಎರಡು ಕೈಯಲ್ಲಿ ಕಿತ್ತೆ. ಕೊನೆಯದೊಂದು ಉಳಿಯಬಾರದೆಂದು ಕಲ್ಲು ಮಗುಚಿ ಮಗುಚಿ ಹುಡುಕಿದೆವು.

ತಂದವರು ಯಾರು ಎಂಬುದಕ್ಕೆ ಹೆಚ್ಚು ಹುಡುಕಬೇಕಾಗಲಿಲ್ಲ. ದ್ವೀಪದಿಂದ ಆಚೆ ದಡಕ್ಕೆ ಹೋಗಿ ಬರುತ್ತಿದ್ದವನು ಒಬ್ಬನೇ, ದೋಣಿಯವನು. ಅವನ ದೋಣಿಯ ಹಗ್ಗದಲ್ಲಿ ಒಂದು ಮೊಳಕೆ ಸಿಕ್ಕಿತು. ಗುಡ್ಡದ ಮಣ್ಣು ಮೆತ್ತಿದ ಹಗ್ಗ ಅದು, ಸಿಗದೆ ಇನ್ನೇನು? ಅವನು, "ನಾನು ಎಂತದೂ ತರ್ಲಿಲ್ಲ ಮಾರಾಯ್ರೆ. ಬೇಕಾದ್ರೆ ಅವಳನ್ನೇ ಕೇಳಿ" ಅಂದ. ಕೇಳುವುದೇನಿತ್ತು, ಅವಳು ಹೇಳಿಯಾಗಿತ್ತಲ್ಲ. ಮೊದಲ ದಿನ ಸಂಜೆಯೇ ಒಂದು ಸಸಿಯನ್ನು ಗೆರಟೆಯಲ್ಲಿಟ್ಟು ಅವನ ಕೈಗೆ ಕೊಟ್ಟೆವು. ದೋಣಿ ಕಣ್ಮರೆಯಾಗುವ ತನಕ ನಿಂತಿದ್ದೆವು. ಅವಳೂ ನಿಂತಿದ್ದಳು, ಬಾಯಿಗೆ ಬಟ್ಟೆ ಕಟ್ಟಿಕೊಂಡು.

ಆ ದಿನ ನಿಜವಾಗಿ ನಡೆದದ್ದೇನು ಎಂಬುದನ್ನು ಅವಳು ಹೇಳಿದ್ದು ಮೂವತ್ತು ವರ್ಷದ ಮೇಲೆ. ಕೇಳುವವರನ್ನು ಕಾಯಿಸುವ ಚಟ ನನಗಿಲ್ಲ, ಈಗಲೇ ಹೇಳಿಬಿಡುತ್ತೇನೆ.

ನಮ್ಮಲ್ಲಿ ಮದುವೆಯೆಂದರೆ ಅಂಗೈ ಉಪ್ಪು. ಹುಡುಗ ತನ್ನ ಅಂಗೈಯಲ್ಲಿ ಒಂದು ಹರಳು ಉಪ್ಪಿಟ್ಟು ಹಿಡಿಯಬೇಕು, ಹುಡುಗಿ ಅದನ್ನು ತಿನ್ನಬೇಕು. ಅಷ್ಟೇ, ಮದುವೆಯಾಯಿತು. ಆ ಬೆಳಗ್ಗೆ ಹಲಗೆಯ ಏಟು ಬೀಳುವ ಮೊದಲು ದೋಣಿಯವನು ಅವಳ ಬಾವಿಕಟ್ಟೆಗೆ ಬಂದಿದ್ದ. ಅಂಗೈ ಬಿಡಿಸಿದ್ದ. ನನ್ನದೇ ಬುಟ್ಟಿಯ ಉಪ್ಪು.

"ತಿನ್ತೀಯಾ?" ಅಂದನಂತೆ.

"ತಿಂದರೆ ಊರಿಗೆ ನಾಲಗೆ ಇಲ್ಲ" ಅಂದಳಂತೆ.

"ಊರು ತನ್ನ ನಾಲಗೆ ತಾನು ನೋಡಿಕೊಳ್ಳಲಿ. ನಿನಗೂ ಒಂದು ಬಾಯಿ ಉಂಟಲ್ಲ."

ಅವಳು ಬೇಡ ಅಂದಳು. ಅವನು ಅಂಗೈಯ ಉಪ್ಪನ್ನು ಬಾವಿಕಟ್ಟೆಯ ಮೇಲಿಟ್ಟು ಹೋದ. ಅವಳು ಹುಟ್ಟಿದಾಗ ಅಳದೆ ಇಟ್ಟುಕೊಂಡದ್ದನ್ನೆಲ್ಲ ಆ ಕಟ್ಟೆಯ ಮೇಲೆ ಕೂತು ಅತ್ತಳು. ಅಷ್ಟರಲ್ಲಿ ಹಲಗೆ ಸದ್ದು ಮಾಡಿತು. ಮುಖ ತೊಳೆದು ಗುಡ್ಡಕ್ಕೆ ಓಡಿ ಬಂದಳು. ನಾವು ಎಲೆ ಕೊಟ್ಟೆವು. ಏಳು ಸಲ ಅಗಿದಳು, ಬಾಯಿ ತುಂಬ ಉಪ್ಪು. ಅದು ತನ್ನದೋ ಗಿಡದ್ದೋ ಎಂದು ವಿಚಾರಿಸುವುದಕ್ಕೆ ಅವಳಿಗೆ ಯಾರೂ ಕಲಿಸಿರಲಿಲ್ಲ. ಏಕೆಂದರೆ ನಾಲಗೆಯವಳು ಅಳುವುದೇ ಇಲ್ಲವಲ್ಲ.

ನಾಲ್ಕನೆಯ ದಿನ ನಾಲಗೆ ತಿಳಿಯಾಯಿತು. ತನ್ನ ಸೆರಗಿನ ಗಂಟಿನಲ್ಲಿ ಬಾಡಿಹೋಗಿದ್ದ, ಅದೇ ಗಿಡದ ಒಂದು ಎಲೆ ಸಿಕ್ಕಿತು. ಅಗಿದಳು. ಸಪ್ಪೆ. ಇನ್ನೊಮ್ಮೆ ಅಗಿದಳು. ಸಪ್ಪೆ. ಗುಡ್ಡ ಆಗ ಬೋಳಾಗಿತ್ತು, ದೋಣಿ ಹೋಗಿತ್ತು. ಅವಳು ಬಾಯಿ ಮುಚ್ಚಿಕೊಂಡಳು.

ಎರಡು ವರ್ಷ ಕಳೆಯಿತು. ಹಗ್ಗದ ಪ್ರಕಾರ ನೀಲಿ ವರ್ಷ ಬಂತು, ನೀಲಿ ಬರಲಿಲ್ಲ. "ಲೆಕ್ಕ ತಪ್ಪಿರಬೇಕು" ಅಂದರು ಮುದುಕರು. ಮುಂದಿನ ಮಳೆಗೆ ಕಾದರು. "ಲೆಕ್ಕ ತಪ್ಪಿರಬೇಕು." ಅದರ ಮುಂದಿನ ಮಳೆಗೂ ಕಾದರು. ಆಮೇಲೆ, ಅಲೆಯ ಗಿಡಗಳು ಹೆಚ್ಚಾಗಿ ನಮ್ಮ ಹೂ ಮುನಿಸಿಕೊಂಡಿದೆ ಅಂದರು. ಹಲಗೆಗೆ ಏಟು ಹೆಚ್ಚಾಯಿತು. ಬಣ್ಣಬಣ್ಣದ ಗೊಂಚಲು ಬಿಡುವ ಮುಳ್ಳುಪೊದೆ ಹೋಯಿತು, ಬೇಲಿಯ ಕಳ್ಳಿ ಹೋಯಿತು, ಗಾಳಿಮರ ಹೋಯಿತು. ಜ್ವರಕ್ಕೆ ಕಷಾಯ ಮಾಡುತ್ತಿದ್ದ ಒಂದು ಸೊಪ್ಪು ಹೋಯಿತು, ಆ ವರ್ಷ ಜ್ವರದಲ್ಲಿ ಕೆಲವರು ಹೋದರು. ದ್ವೀಪ ಚೊಕ್ಕವಾಗುತ್ತ ಬಂತು, ಬೋಳಾಗುತ್ತ ಬಂತು. ಜೇನಿಲ್ಲದೆ ಮುದುಕರು ಒಣ ತುಟಿಯಲ್ಲೇ ಸತ್ತರು. ಒಬ್ಬೊಬ್ಬ ಮುದುಕ ಸತ್ತಾಗಲೂ ಅವಳು ಬಾಗಿಲು ಹಾಕಿಕೊಂಡು ಮೂರು ದಿನ ಹೊರಗೆ ಬರುತ್ತಿರಲಿಲ್ಲ. ದುಃಖಕ್ಕೆ ಎಂದುಕೊಂಡೆವು. ಮೂವತ್ತು ವರ್ಷ ಅವಳು ಆ ಮಾತನ್ನು ಒಬ್ಬಳೇ ಹೊತ್ತುಕೊಂಡಿದ್ದಳು, ಹೇಳಿಕೊಳ್ಳುವುದಕ್ಕೆ ಆ ಮುಟ್ಟಿದರೆ ಮುನಿ ಒಂದನ್ನು ಬಿಟ್ಟು ಅವಳಿಗೆ ಯಾರಿದ್ದರು?

ಮೂವತ್ತನೆಯ ಮಳೆ ಶುರುವಾದ ಎರಡನೆಯ ತಿಂಗಳಲ್ಲಿ ಒಂದು ದೋಣಿ ಬಂತು. ಬೆಳಗಿನ ಹೊತ್ತು, ಮೋಡ ಸ್ವಲ್ಪ ಬಿಟ್ಟಿತ್ತು. ದೋಣಿಯಿಂದ ಒಬ್ಬ ಹೆಂಗಸು ಇಳಿದು ಮೊಣಕಾಲುದ್ದ ನೀರಿನಲ್ಲಿ ನಿಂತಳು. ಆಚೆಯಿಂದ ಬಂದವರ ಸಾಮಾನಿನ ಪರೀಕ್ಷೆಯಾಗುವ ತನಕ ನೀರಿನಲ್ಲೇ ನಿಲ್ಲಬೇಕೆಂಬ ನಿಯಮ ಅವಳಿಗೆ ಗೊತ್ತಿತ್ತು. ಅವಳ ತಲೆಯ ಮೇಲೆ ಒಂದು ಮಣ್ಣಿನ ಕುಡಿಕೆ, ಕುಡಿಕೆಯಲ್ಲಿ ಐದು ಸಸಿ.

"ಯಾರು ನೀನು?" ಊರಹಿರಿಯ ಕೂಗಿ ಕೇಳಿದ.

"ದೋಣಿಯವನ ಮಗಳು. ಅಪ್ಪ ಹೋದ ತಿಂಗಳು ತೀರಿಹೋದ."

ಅವಳು ತಲೆಯ ಮೇಲಿನ ಕುಡಿಕೆಯನ್ನು ಸರಿಮಾಡಿಕೊಂಡು ಮುಂದುವರಿದಳು.

"ನೀವು ಕೊಟ್ಟು ಕಳಿಸಿದ ಸಸಿ ಅಲ್ಲಿ ನಾಲ್ಕು ತಿಂಗಳಿಗೆ ನೀಲಿ ಹೂ ಬಿಟ್ಟಿತಂತೆ. ಅಪ್ಪನಿಗೆ ಆಗ ಗೊತ್ತಾಯ್ತು ಇದು ಎಂತದು ಅಂತ. ಬೀಜ ತೆಗೆದಿಟ್ಟ. ವರ್ಷವರ್ಷ ಬಿತ್ತಿದ, ಒಂದೂ ಏಳಲಿಲ್ಲ. ಈ ವರ್ಷ ಮೊದಲ ಮಳೆಗೇ ಎದ್ದಿತು. ಹಾಸಿಗೆಯಲ್ಲಿ ಮಲಗಿದ್ದ ಅಪ್ಪ ಹೇಳಿದ, ಇದು ಅಲ್ಲಿನದ್ದು, ಅಲ್ಲಿಗೆ ಕೊಂಡುಹೋಗಿ ಕೊಡು ಅಂತ. ನಾಲಗೆಯವಳ ಕೈಗೇ ಕೊಡು, ಅವಳಿಗೆ ಗೊತ್ತುಂಟು ಅಂತ."

ಊರಹಿರಿಯ ನೀರಿಗಿಳಿದು ಹತ್ತಿರ ಹೋಗಿ ಸಸಿಯನ್ನು ನೋಡಿದ. ಮೂರು ಬೆರಳಿನಂಥ ಎಲೆ, ನಡುವೆ ಕೆಂಪು ನರ. ಅವನ ಮುಖ ಬಿಗಿಯಿತು.

"ಇದು ಅದೇ ಗಿಡ. ಆ ವರ್ಷ ಗುಡ್ಡ ತುಂಬ ಎದ್ದದ್ದು. ಆಗಲೇ ಉಪ್ಪು ಅಂತ ಆಗಿದೆ ಇದಕ್ಕೆ."

"ಆದರೂ ಹಲಗೆ ಬಡೀರಿ" ಅಂದೆ ನಾನು. ಅಷ್ಟು ಜನರ ನಡುವೆ ನಾನು ಹಾಗೆ ಬಾಯಿ ಬಿಟ್ಟಿದ್ದು ಅದೇ ಮೊದಲು.

ಮೂರು ಏಟು ಬಿತ್ತು. ಅವಳು ಬಂದಳು. ಕೂದಲು ಬೆಳ್ಳಗಾಗಿತ್ತು. ದೂರದಿಂದಲೇ ಕುಡಿಕೆಯನ್ನು ನೋಡಿದಳು, ನಡೆ ನಿಂತಿತು. ಆಮೇಲೆ ಆ ಹೆಂಗಸಿನ ಮುಖ ನೋಡಿದಳು. ಅವನದೇ ಹುಬ್ಬು, ಅವನದೇ ಗಲ್ಲ. ಅವಳು ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿದಳು.

ಎಲೆ ಕೊಟ್ಟರು. ಕಣ್ಣು ಮುಚ್ಚಿ ಅಗಿದಳು. ಒಂದು, ಎರಡು, ಮೂರು. ಆ ಎಲೆ ಆಚೆ ದಡದ ಮಣ್ಣಿನಲ್ಲಿ ಎದ್ದದ್ದು, ಹಗಲೂ ರಾತ್ರಿ ಅಲೆಯ ಹನಿ ಹೊಡೆಸಿಕೊಂಡು ಬಂದದ್ದು. ಅದು ಸಪ್ಪೆಯಾಗಿರಲು ಸಾಧ್ಯವೇ ಇರಲಿಲ್ಲ. ನಾಲ್ಕು, ಐದು, ಆರು, ಏಳು. ನಮಗೆಲ್ಲ ಗೊತ್ತಿತ್ತು ಅವಳು ಏನು ಹೇಳುತ್ತಾಳೆಂದು. ಇಬ್ಬರು ಆಗಲೇ ಕೀಳುವುದಕ್ಕೆ ಬಾಗಿದ್ದರು.

ಅವಳು ಉಗುಳಲಿಲ್ಲ. ನುಂಗಿದಳು.

"ಎಂತ ಆಯ್ತು?" ಅಂದ ಊರಹಿರಿಯ. "ಹೇಳಿ. ಉಪ್ಪಾ, ಸಪ್ಪೆಯಾ?"

"ಉಪ್ಪು ಉಂಟು" ಅಂದಳು ಅವಳು. "ಈ ಉಪ್ಪು ದಾರಿಯದ್ದು. ಆ ದಿನದ ಉಪ್ಪು ನನ್ನದು. ಗಿಡದ್ದು ಆವತ್ತೂ ಅಲ್ಲ, ಇವತ್ತೂ ಅಲ್ಲ."

ಆಮೇಲೆ ಎಲ್ಲ ಹೇಳಿದಳು. ಬಾವಿಕಟ್ಟೆ, ಅಂಗೈ, ಅಳು, ಮುಖ ತೊಳೆದದ್ದು, ಸೆರಗಿನ ಗಂಟಿನ ಎಲೆ. ಹೇಳುತ್ತ ಹೇಳುತ್ತ ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ತುಟಿಗೆ ಬರುತ್ತಿತ್ತು, ಅವಳು ಒರೆಸಿಕೊಳ್ಳಲಿಲ್ಲ. ನಾಲಗೆಯವಳು ಅಳುವುದನ್ನು ಅಲ್ಲಿದ್ದ ಯಾರೂ ಕಂಡಿರಲಿಲ್ಲ. ಮಕ್ಕಳು ಅಮ್ಮಂದಿರ ಹಿಂದೆ ಅಡಗಿಕೊಂಡರು.

"ಯಾಕೆ ಹೇಳ್ಲಿಲ್ಲ ಆಗಲೇ?" ಒಬ್ಬಳು ಅಜ್ಜಿ ಕೇಳಿದಳು. ಅವಳ ಗಂಡ ಒಣ ತುಟಿಯಲ್ಲಿ ಸತ್ತವನು.

"ಹೆದರಿದೆ" ಅಂದಳು. "ಈ ನಾಲಗೆ ಬಿಟ್ಟರೆ ನನಗೆ ಬೇರೆ ಎಂತ ಇತ್ತು?"

ದೋಣಿಯವನ ಮಗಳು ನೀರಿನಲ್ಲಿ ನಿಂತೇ ಇದ್ದಳು. ತಂದೆ ಊರು ಬಿಡಬೇಕಾದದ್ದು ಇವಳ ಕಣ್ಣೀರಿನ ಉಪ್ಪಿನಿಂದ ಎಂದು ಅವಳಿಗೆ ತಿಳಿದದ್ದು ನಮಗೆ ತಿಳಿದ ಹೊತ್ತಿಗೇ. ಅವಳು ಸಿಟ್ಟು ಮಾಡುತ್ತಾಳೆಂದು ಕಾದೆವು. ಅವಳು ಕುಡಿಕೆಯನ್ನು ತಲೆಯಿಂದ ಇಳಿಸಿ, "ಇದನ್ನ ಎಲ್ಲಿ ಇಡಲಿ?" ಅಂತ ನಾಲಗೆಯವಳನ್ನೇ ಕೇಳಿದಳು.

ಆ ಐದು ಸಸಿಗಳನ್ನು ನಾಲಗೆಯವಳು ತನ್ನ ಕೈಯಿಂದಲೇ ಗುಡ್ಡದ ಇಳಿಜಾರಿನಲ್ಲಿ ನೆಟ್ಟಳು. ಯಾರೂ ತಡೆಯಲಿಲ್ಲ. ನೆಟ್ಟು ಬಂದು ಕೈ ತೊಳೆದುಕೊಂಡು ಊರಹಿರಿಯನ ಮುಂದೆ ನಿಂತು, "ದೋಣಿ ಕಾಯ್ತಾ ಉಂಟು" ಅಂದಳು.

"ಬೇಡ" ಅಂದ ಊರಹಿರಿಯ. ಅವನೂ ಮುದುಕನಾಗಿದ್ದ. "ಇಷ್ಟು ವರ್ಷ ಆಯ್ತು. ಯೋಚನೆ ಮಾಡುವ."

"ಉಪ್ಪು ತಂದವರು ಹೋಗಬೇಕು. ತಂದವಳು ನಾನು. ಅವನನ್ನ ಕಳಿಸುವಾಗ ಯಾರೂ ಯೋಚನೆ ಮಾಡ್ಲಿಲ್ಲ. ಈಗ ಎಂತಕ್ಕೆ?"

ಊರಹಿರಿಯ ಗೆರಟೆ ತರಿಸಿದ.

ಮುಂದಿನದನ್ನು ಮೊದಲು ಹೇಳಿ, ಆಮೇಲೆ ದಡಕ್ಕೆ ಮರಳುತ್ತೇನೆ. ಆ ಐದೂ ಬದುಕಿದವು. ಮಳೆ ಬಿಟ್ಟ ಮೇಲೆ ಗುಡ್ಡದ ಒಂದು ಮೂಲೆಯಲ್ಲಿ, ಒಂದು ಚಾಪೆ ಹಾಸುವಷ್ಟು ಜಾಗದಲ್ಲಿ, ನೀಲಿಯಾಯಿತು. ಎಲ್ಲಿಂದಲೋ ಹನ್ನೆರಡೋ ಹದಿನೈದೋ ಜೇನುಹುಳ ಬಂದವು. ಅಜ್ಜಿಯೊಬ್ಬಳು ಅದರ ಪಕ್ಕ ಕೂತು ದಿನವಿಡೀ ಅತ್ತಳು. ಬೀಜ ಉದುರಿತು, ಗಿಡ ಸತ್ತಿತು, ಈಗ ಮಣ್ಣಿನಲ್ಲಿ ನಿದ್ದೆ ಮಾಡುತ್ತಿದೆ. ಹೊಸ ಹಗ್ಗ ನನ್ನ ಮನೆಯಲ್ಲಿದೆ, ಇಲಿಗೆ ಸಿಗದ ಹಾಗೆ ಉಪ್ಪಿನ ಹರಿವಿಯೊಳಗೆ ಇಟ್ಟಿದ್ದೇನೆ. ಮೂವತ್ತನೆಯ ಗಂಟು ಹಾಕುವವನು ನಾನಲ್ಲ.

ಆಮೇಲೆ ಹೊಸ ಗಿಡವೊಂದು ಕಂಡಾಗ ಹಲಗೆಗೆ ಏಟು ಬಿತ್ತು, ಬರುವವರು ಯಾರೂ ಇರಲಿಲ್ಲ. ಹುಟ್ಟುವಾಗ ಅಳದ ಮಗು ಬೇಕೆಂದು ಬಾಣಂತಿಯರ ಮನೆಗೆ ಕೇಳಲು ಹೋದವರನ್ನು ಹೆಂಗಸರು ಪೊರಕೆ ಹಿಡಿದು ಓಡಿಸಿದರು. ಕೊನೆಗೆ, ಎಲ್ಲರೂ ತಾವೇ ಅಗಿದು ನೋಡುವುದೆಂದಾಯಿತು. ಅಗಿದೆವು. ಉಪ್ಪು. ಅನುಮಾನ ತೀರಲೆಂದು ಊರ ನಡುವಿನ ಸುರಹೊನ್ನೆಯ ಎಲೆ ಕಿತ್ತು ಅಗಿದೆವು, ಅಜ್ಜನ ಅಜ್ಜನ ಕಾಲದ ಮರ. ಅದೂ ಉಪ್ಪು. ಕೇದಗೆ ಉಪ್ಪು, ತೆಂಗಿನ ಗರಿ ಉಪ್ಪು. ಹುಟ್ಟಿದಂದಿನಿಂದ ನನ್ನ ಬುಟ್ಟಿಯ ಉಪ್ಪು ತಿಂದ ಬಾಯಿಗಳು, ಇನ್ನೇನು ಹೇಳಿಯಾವು? ಒಬ್ಬರ ಮುಖ ಒಬ್ಬರು ನೋಡಿಕೊಂಡು ಮನೆಗೆ ಹೋದೆವು. ಅಂದಿನಿಂದ ನಮ್ಮ ದ್ವೀಪದಲ್ಲಿ ಯಾರೂ ಏನನ್ನೂ ಕೀಳುವುದಿಲ್ಲ. ಕೆಲವು ಗಿಡಗಳು ಅತಿಯಾಗಿ ಹಬ್ಬಿ ದಾರಿಗೆ ತೊಡಕಾಗಿವೆ, ಅದೂ ನಿಜ. ದಾರಿ ಬಿಡಿಸಿಕೊಂಡು ಓಡಾಡುತ್ತೇವೆ.

ಈಗ ಆ ದಿನದ ದಡ. ಹೋಗುವವರ ಕೈಗೆ ಅವರ ಗಿಡ ಕೊಡಬೇಕು. ಅವಳು ಯಾವ ಗಿಡವನ್ನೂ ತಂದವಳಲ್ಲ. ಊರಹಿರಿಯ ಖಾಲಿ ಗೆರಟೆ ಹಿಡಿದು ದಿಕ್ಕು ತೋಚದೆ ನಿಂತಿದ್ದ. ನಾನು ಅದನ್ನು ಕಸಿದುಕೊಂಡು ಗುಡ್ಡದ ಬುಡಕ್ಕೆ ಓಡಿದೆ. ಅವಳ ಹೊಸ್ತಿಲ ಪಕ್ಕದ ಕಲ್ಲು ಸರಿಸಿ, ಬೇರಿಗೆ ಪೆಟ್ಟಾಗದಂತೆ ಮಣ್ಣು ಸಮೇತ ಆ ಮುಟ್ಟಿದರೆ ಮುನಿಯನ್ನು ಎತ್ತಿದೆ. ನನ್ನ ಕೈ ತಗುಲಿ ಅದು ಪೂರಾ ಮುದುಡಿಕೊಂಡಿತು. ಅದನ್ನು ಅವಳ ಕೈಗೆ ಕೊಟ್ಟೆ. ಅವಳು ನನ್ನನ್ನು ನೋಡಿದಳು. ಇಷ್ಟು ವರ್ಷ ಬೇಲಿಯಾಚೆ ನಿಂತಿದ್ದವನು ಯಾರೆಂದು ಅವಳಿಗೆ ಆಗ ಗೊತ್ತಾಯಿತೋ, ಮೊದಲೇ ಗೊತ್ತಿತ್ತೋ, ನನಗೆ ತಿಳಿಯದು.

ಇನ್ನೊಂದು ಕೆಲಸ ಮಾಡಿದೆ. ಬುಟ್ಟಿಯಿಂದ ಒಂದು ಹಿಡಿ ಉಪ್ಪು ತೆಗೆದು, ಸುರಹೊನ್ನೆಯ ಎಲೆಯಲ್ಲಿ ಕಟ್ಟಿ, ದೋಣಿಯ ಹಲಗೆಯ ಮೇಲೆ ಇಟ್ಟೆ. "ನಿಮ್ಮ ಮನೆಯದ್ದು ಬಾಕಿ ಇತ್ತು" ಅಂದೆ. ನಗಿಸಬೇಕೆಂದಿದ್ದೆ, ಆಗಲಿಲ್ಲ, ದೋಣಿಯನ್ನು ನೀರಿಗೆ ತಳ್ಳಿದೆ.

ದೋಣಿ ಹೊರಟಿತು. ಆ ದಿನ ಮಧ್ಯಾಹ್ನ ಗಾಳಿ ಬಿದ್ದುಹೋಯಿತು. ಸಮುದ್ರ ನೆಲದ ಹಾಗೆ ಸಮವಾಗಿ ಮಲಗಿತ್ತು. ದೋಣಿ ಅಷ್ಟು ದೂರ ಹೋಗಿ ನಿಂತೇಬಿಟ್ಟಿತು, ನಾವು ದಡದಲ್ಲಿ ನಿಂತೇ ಇದ್ದೆವು. ಅಂಥ ಹೊತ್ತಿನಲ್ಲಿ ನೀರಿನ ಮೇಲೆ ಮಾತು ಬಹಳ ದೂರ ಕೇಳುತ್ತದೆ, ಮೀನು ಹಿಡಿಯುವವರಿಗೆಲ್ಲ ಗೊತ್ತು. ದೋಣಿಯವನ ಮಗಳು ಹುಟ್ಟು ಕೆಳಗಿಟ್ಟು, ತಾನು ತಂದಿದ್ದ ಗಂಜಿಯ ಗಡಿಗೆ ತೆರೆದದ್ದು ಕಂಡಿತು. ಎಲೆಯ ಕಟ್ಟು ಬಿಚ್ಚಿದ್ದು ಕಂಡಿತು. ಒಂದು ಚಿಟಿಕೆ ಹಾಕಿ ಕಲಕಿದಳು. ಸೌಟಿನ ತುದಿಯಲ್ಲಿ ಸ್ವಲ್ಪ ತೆಗೆದು, ಎದುರು ಕೂತವಳ ಅಂಗೈಗೆ ಬಿಟ್ಟಳು.

"ಉಪ್ಪು ಸಾಕಾ ನೋಡಿ" ಅಂದಳು.

ಅದು ನಮಗೆಲ್ಲ ಕೇಳಿಸಿತು. ದಡದಲ್ಲಿದ್ದ ಒಬ್ಬೊಬ್ಬ ಹೆಂಗಸಿಗೂ, ಒಬ್ಬೊಬ್ಬ ಗಂಡಸಿಗೂ ಕೇಳಿಸಿತು. ನಾಲಗೆಯವಳು ಅಂಗೈಯನ್ನು ಬಾಯಿಗೆ ತಂದಳು. ನೆಕ್ಕಿ, ಅಂಗೈಯನ್ನು ಮತ್ತೆ ಮುಂದೆ ಚಾಚಿದಳು.

"ಇನ್ನೊಂಚೂರು ಹಾಕು ಮಗಳೇ."